ನಾಣ್ಯದ ಮೇಲೆ ಹಡಗು, ನಾಣ್ಯ ಕಾಣದ ಕೈ

ನಾಣ್ಯ ಎನ್ನುವುದು ಸರ್ಕಾರ ಅಚ್ಚು ಹಾಕುವ ಅತಿ ಚಿಕ್ಕ ಪಠ್ಯಪುಸ್ತಕ. ಅಕ್ಷರ ಕಲಿಯದವರ ಕೈಗೂ ಅದು ಬರುತ್ತೆ, ತನ್ನ ಚಿತ್ರ ತೋರಿಸುತ್ತೆ, ಮುಂದಿನ ಕೈಗೆ ಹೋಗುತ್ತೆ. ಅದಕ್ಕೇ ಆಳುವವರು ಎಲ್ಲ ಕಾಲದಲ್ಲೂ ಟಂಕಸಾಲೆಯನ್ನು ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಾರೆ. ಯಾರ ತಲೆ ನಾಣ್ಯದ ಮೇಲೆ ಕೂರಬೇಕು, ಯಾರ ಚರಿತ್ರೆ ಬೆನ್ನಿಗೆ ಬರಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ. ಆ ತೀರ್ಮಾನವನ್ನು ನಾವು ಪ್ರಶ್ನೆ ಮಾಡಬೇಕು. ಕಡಲಾಚೆಯ ನಾಣ್ಯ ಆದರೂ ಮಾಡಬೇಕು.

ಜರ್ಸಿ ಅಂದರೆ ನಮ್ಮ ಹಳ್ಳಿಗಳಲ್ಲಿ ಹಸು. ಸಾಲ ಮಾಡಿ ತಂದು ಕೊಟ್ಟಿಗೆಯಲ್ಲಿ ಕಟ್ಟಿದ ಸೀಮೆಹಸು. ಆ ಹೆಸರು ಬಂದಿದ್ದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಲ್ಲಿರುವ ಒಂದು ದ್ವೀಪದಿಂದ. ಹೆಚ್ಚೂಕಡಿಮೆ 120 ಚದರ ಕಿಲೋಮೀಟರ್. ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ಇಂಗ್ಲೆಂಡಿನ ಸಿಂಹಾಸನಕ್ಕೆ ಸೇರಿದ ನೆಲ, ಆದರೆ ಬ್ರಿಟನ್ನಿನ ಭಾಗ ಅಲ್ಲ. ಅದಕ್ಕೆ ತನ್ನದೇ ಶಾಸನಸಭೆ, ತನ್ನದೇ ತೆರಿಗೆ, ತನ್ನದೇ ನಾಣ್ಯ. 1983ರಲ್ಲಿ ಅಲ್ಲಿ ಒಂದು ಪೌಂಡಿನ ನಾಣ್ಯ ಬಂದಾಗ ಅದರ ಬೆನ್ನಿಗೆ ದ್ವೀಪದ 12 ಪ್ಯಾರಿಷ್‌ಗಳ ಲಾಂಛನಗಳನ್ನು ಒಂದೊಂದಾಗಿ ಹಾಕಿದರು. ಅದು ಮುಗಿದ ಮೇಲೆ ಹಡಗುಗಳ ಸರದಿ. ದ್ವೀಪದಲ್ಲೇ ಕಟ್ಟಿದ 6 ಹಾಯಿಹಡಗುಗಳು 1991ರಿಂದ 1994ರವರೆಗೆ ನಾಣ್ಯ ಏರಿದವು. ಟಿಕ್ಲರ್, ಪರ್ಸಿ ಡಗ್ಲಸ್, ಹೀಬಿ, ಜೆಮಿನಿ, ಸೆಂಚುರಿ, ರೆಸಲ್ಯೂಟ್. ಒಂದು ಮಗ್ಗುಲಲ್ಲಿ ರಾಣಿ ಎಲಿಜಬೆತ್, ಇನ್ನೊಂದರಲ್ಲಿ ಹಾಯಿ ಬಿಚ್ಚಿದ ಹಡಗು.

ಚಂದದ ಕೆಲಸ ಅನ್ನೋದರಲ್ಲಿ ಅನುಮಾನ ಇಲ್ಲ. 22.5 ಮಿಲಿಮೀಟರ್ ಅಗಲದ ಹಿತ್ತಾಳೆ ಬಣ್ಣದ ಬಿಲ್ಲೆ. ಅಷ್ಟರೊಳಗೆ ಕಂಬ, ಹಾಯಿ, ಹಗ್ಗ, ಅಲೆ ಎಲ್ಲವನ್ನೂ ಕೂರಿಸಬೇಕು. ಗೆರೆ ಸ್ವಲ್ಪ ದಪ್ಪ ಆದರೂ ಹಗ್ಗ ಹೋಗಿ ಹಗ್ಗದ ಗಂಟಾಗುತ್ತೆ, ಸಣ್ಣ ಆದರೆ ಹತ್ತು ಜೇಬು ತಿರುಗುವಷ್ಟರಲ್ಲಿ ಸವೆದುಹೋಗುತ್ತೆ. ಅಚ್ಚು ಕೊರೆದ ಕೈಯ ಬಗ್ಗೆ ನಮಗೆ ಗೌರವ ಇದೆ. ನಮ್ಮ ತಕರಾರು ಆ ಕೈ ಮೇಲಲ್ಲ. ಏನು ಕೊರೆಯಬೇಕು ಅಂತ ಅಪ್ಪಣೆ ಕೊಟ್ಟವರ ಮೇಲೆ.

ಯಾಕಂದರೆ ಆ ನಾಣ್ಯದಲ್ಲಿ ಹಡಗು ತಾನೇ ಹುಟ್ಟಿ ತಾನೇ ತೇಲುತ್ತಿದೆ. ಕಟ್ಟಿದವರ ಮುಖ ಇಲ್ಲ. ಹಡಗಿಗೊಂದು ಹೆಸರಿದೆ, ಬಡಗಿಗಿಲ್ಲ. ಪರಂಪರೆ ಅಂತ ಕರೆಯುವುದು ಇದನ್ನೇ.

ಮೊದಲು ಆ ಹಡಗುಗಳನ್ನು ಬಿಚ್ಚಿ ನೋಡೋಣ. 19ನೇ ಶತಮಾನದ ಜರ್ಸಿಯ ಕಡಲತೀರದಲ್ಲಿ ಗೋರಿ, ಸೇಂಟ್ ಆಬಿನ್, ಸೇಂಟ್ ಹೆಲಿಯರ್ ಸುತ್ತಮುತ್ತ ಹಡಗು ಕಟ್ಟುವ ಅಂಗಳಗಳು ತುಂಬಿದ್ದವು. ತಮಾಷೆ ನೋಡಿ, ಆ ದ್ವೀಪದಲ್ಲಿ ಹಡಗಿಗೆ ಬೇಕಾದಷ್ಟು ಮರವೇ ಇರಲಿಲ್ಲ. ಮರ ಹೊರಗಿನಿಂದ ಬರಬೇಕು. ಅಂದರೆ 'ದ್ವೀಪದ ಹಡಗು' ಅನ್ನುವುದರೊಳಗೆ ಬೇರೆ ದೇಶದ ಕಾಡು ಇದೆ, ಆ ಕಾಡಿನಲ್ಲಿ ಕೊಡಲಿ ಹಿಡಿದವನ ಬೆವರಿದೆ. ಮರ ಬಂದ ಮೇಲೆ ಗರಗಸದವರು, ಬಡಗಿಗಳು, ಕಮ್ಮಾರರು, ಹಾಯಿ ಹೊಲಿಯುವವರು, ಹಗ್ಗ ಹೊಸೆಯುವವರು. ಹಲಗೆಗೆ ಹಲಗೆ ಎಷ್ಟೇ ಕೂರಿಸಿದರೂ ಸಂದಿ ಉಳಿಯುತ್ತೆ. ಆ ಸಂದಿಗೆ ನಾರು ತುರುಕಿ, ಬಡಿದು, ಮೇಲೆ ಕಾಸಿದ ರಾಳ ಹೊಯ್ಯಬೇಕು. ಆ ನಾರು ಎಲ್ಲಿಂದ ಬರುತ್ತಿತ್ತು ಗೊತ್ತೇ? ಹಳೇ ಹಡಗುಗಳ ಸವೆದ ಹಗ್ಗಗಳನ್ನು ಎಳೆ ಎಳೆಯಾಗಿ ಬಿಚ್ಚಿ ತೆಗೆದದ್ದು. ಬಿಚ್ಚುವ ಕೆಲಸ ಆ ಕಾಲದ ಬ್ರಿಟನ್ನಿನಲ್ಲಿ ಜೈಲಿನ ಕೈದಿಗಳಿಗೆ, ಅನಾಥಾಲಯದಂಥ ಬಡವರ ದುಡಿಮೆಮನೆಗಳಲ್ಲಿ ಬಿದ್ದಿದ್ದವರಿಗೆ ಕೊಡುತ್ತಿದ್ದ ಶಿಕ್ಷೆ. ಡಾಂಬರು ಹತ್ತಿದ ಗಟ್ಟಿ ಹಗ್ಗ ಬಿಚ್ಚಿ ಬಿಚ್ಚಿ ಬೆರಳ ತುದಿ ಸೀಳೋದು. ರಾಜ್ಯದ ಹಡಗುಪಡೆ ನೀರಿನ ಮೇಲೆ ನಿಂತಿದ್ದು ಆ ಬೆರಳುಗಳಿಂದ. ನಾರು ಇಲ್ಲದಿದ್ದರೆ ಹಡಗು ಮುಳುಗುತ್ತೆ. ಆದರೆ ನಾರು ನಾಣ್ಯದಲ್ಲಿ ಕಾಣೋದಿಲ್ಲ.

ಇಷ್ಟು ಹಡಗು ಕಟ್ಟೋದಕ್ಕೆ ದುಡ್ಡು ಎಲ್ಲಿಂದ ಬಂತು? ಚರಿತ್ರೆ ಇಲ್ಲಿ ಬಾಯಿ ಬಿಡಬೇಕು.

ಬಂದದ್ದು ಬಹುಪಾಲು ಮೀನಿನಿಂದ. ಅಟ್ಲಾಂಟಿಕ್ ದಾಟಿದ ಮೇಲೆ ಕೆನಡಾದ ಕರಾವಳಿ. ನ್ಯೂಫೌಂಡ್‌ಲ್ಯಾಂಡ್, ಗ್ಯಾಸ್ಪೆ. ಅಲ್ಲಿ ಕಾಡ್ ಅನ್ನುವ ಮೀನು ರಾಶಿ ರಾಶಿ. ಹಿಡಿದು, ಸೀಳಿ, ಉಪ್ಪು ಹಚ್ಚಿ, ಒಣಗಿಸಿದರೆ ತಿಂಗಳುಗಟ್ಟಲೆ ಕೆಡೋದಿಲ್ಲ. ಜರ್ಸಿಯ ವ್ಯಾಪಾರಿಗಳು ಆ ಮೀನನ್ನು ಸ್ಪೇನ್, ಪೋರ್ಚುಗಲ್, ಇಟಲಿ, ಬ್ರೆಜಿಲ್, ಕೆರಿಬಿಯನ್ ದ್ವೀಪಗಳಿಗೆ ಮಾರಿ ಹಣ ಮಾಡಿದರು. ಆ ಹಣದಲ್ಲಿ ಅವರು ಕಟ್ಟಿಸಿದ ದೊಡ್ಡ ಮನೆಗಳಿಗೆ ಜರ್ಸಿಯಲ್ಲಿ ಇವತ್ತಿಗೂ ಕಾಡ್ ಮೀನಿನ ಮನೆಗಳು ಅಂತಲೇ ಹೆಸರು. ನಾಣ್ಯದ ಮೇಲಿರುವ ಆರೂ ಹಡಗು ಮೀನು ಹೊತ್ತಿದ್ದವು ಅಂತ ನಾವು ಹೇಳುತ್ತಿಲ್ಲ. ಹಡಗು ಕಟ್ಟುವ ಅಂಗಳಗಳನ್ನು ಸಾಕಿದ್ದು ಮೀನಿನ ಹಣ ಅಂತ ಹೇಳುತ್ತಿದ್ದೇವೆ.

ಈ ವ್ಯಾಪಾರದ ದೊಡ್ಡ ಧಣಿ ಚಾರ್ಲ್ಸ್ ರಾಬಿನ್. 1743ರಲ್ಲಿ ಜರ್ಸಿಯಲ್ಲಿ ಹುಟ್ಟಿದವನು. 1766ರಲ್ಲಿ ಗ್ಯಾಸ್ಪೆ ಕರಾವಳಿಗೆ ಹೋದ. ಪಾಸ್ಪೆಬಿಯಾಕ್ ಅನ್ನುವ ಜಾಗದಲ್ಲಿ ಕೋಠಿ ಹೂಡಿದ. 1791ರಲ್ಲಿ ಅಲ್ಲೇ ಹಡಗು ಕಟ್ಟುವ ಅಂಗಳವನ್ನೂ ತೆರೆದ. ಆ ನೆಲ ಮೊದಲಿಗೆ ಮಿಗ್ಮಾ ಎಂಬ ಮೂಲನಿವಾಸಿಗಳದ್ದು. ಅಲ್ಲಿ ಮೀನು ಹಿಡಿಯುತ್ತಿದ್ದವರಲ್ಲಿ ಬಹಳ ಮಂದಿ ಅಕೇಡಿಯನ್ನರು. ಅವರು ಫ್ರೆಂಚ್ ಮಾತಾಡುವ ರೈತರು. 1755ರಿಂದ ಬ್ರಿಟಿಷರು ಹಳ್ಳಿ ಸುಟ್ಟು ಊರು ಬಿಡಿಸಿ ಓಡಿಸಿದ್ದ ಜನ. ನೆಲ ಕಳಕೊಂಡವನು ಯಾವ ಷರತ್ತಿಗೂ ಹೆಬ್ಬೆಟ್ಟು ಒತ್ತುತ್ತಾನೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಷರತ್ತಿನ ಹೆಸರು ಟ್ರಕ್ ಪದ್ಧತಿ. ಲಾರಿ ಅಲ್ಲ, ವಿನಿಮಯ ಅನ್ನುವ ಅರ್ಥದ ಹಳೇ ಮಾತು. ಅದು ನಡೆಯುತ್ತಿದ್ದುದು ಹೀಗೆ. ಬೇಸಿಗೆ ಮೊದಲಾಗುವಾಗ ಮೀನುಗಾರನ ಕೈಯಲ್ಲಿ ಏನೂ ಇಲ್ಲ. ಕಂಪನಿ ಅಂಗಡಿಗೆ ಹೋಗುತ್ತಾನೆ. ಬಲೆ, ಗಾಳ, ಉಪ್ಪು, ಹಿಟ್ಟು, ಬಟ್ಟೆ ಎಲ್ಲ ಸಾಲ. ಬೆಲೆ ಹೇಳೋದು ಕಂಪನಿ. ಹಿಡಿದ ಮೀನನ್ನು ಅದೇ ಕಂಪನಿಗೆ ಹಾಕಬೇಕು. ಅದಕ್ಕೂ ಬೆಲೆ ಹೇಳೋದು ಕಂಪನಿ. ಸುಗ್ಗಿ ಮುಗಿದ ಮೇಲೆ ಲೆಕ್ಕ. ಲೆಕ್ಕ ಬರೆಯೋನು ಕಂಪನಿ ಗುಮಾಸ್ತ. ಮೀನುಗಾರನ ಪಾಲಿಗೆ ಬಾಕಿ ಉಳಿಯುತ್ತೆ. ಚಳಿಗಾಲ ಬರುತ್ತೆ, ಹೊಟ್ಟೆಗೆ ಹಿಟ್ಟು ಬೇಕು, ಮತ್ತೆ ಸಾಲ. ಸಾಲ ಇರೋತನಕ ಬೇರೆ ವ್ಯಾಪಾರಿಗೆ ಒಂದು ಮೀನೂ ಮಾರುವ ಹಾಗಿಲ್ಲ. ಅಪ್ಪ ಸತ್ತರೂ ಅಂಗಡಿಯ ಪುಸ್ತಕ ಸಾಯೋದಿಲ್ಲ.

ಈ ಇಡೀ ಸುತ್ತಿನಲ್ಲಿ ಒಂದು ನಾಣ್ಯ ಕೂಡ ಮೀನುಗಾರನ ಕೈಗೆ ಬರಬೇಕಾಗಿಲ್ಲ. ಮೀನು ಕೊಟ್ಟ, ಹಿಟ್ಟು ತಂದ, ಬಾಕಿ ಉಳಿಸಿಕೊಂಡ. ಹಣ ಅನ್ನೋದು ಕಡಲಾಚೆ ಜರ್ಸಿಯ ಪೆಟ್ಟಿಗೆಯಲ್ಲಿ ಹುಟ್ಟಿ ಜರ್ಸಿಯಲ್ಲೇ ಮನೆಯಾಗುತ್ತಿತ್ತು, ಹಡಗಾಗುತ್ತಿತ್ತು. ದುಡಿದವನಿಗೆ ನಾಣ್ಯವನ್ನೇ ಮುಟ್ಟಗೊಡದ ವ್ಯಾಪಾರ ಸಾಕಿದ ಹಡಗುಗಳನ್ನು ಆಮೇಲೆ ನಾಣ್ಯದ ಮೇಲೆ ಮೆರೆಸಿದರು. ಇದಕ್ಕಿಂತ ಕಟುವಾದ ಅಣಕ ಯಾವ ಕವಿಯೂ ಕಟ್ಟಲಾರ.

ಸರಕು ಕೊಟ್ಟು ಕೂಲಿ ತೀರಿಸುವುದನ್ನು ಬ್ರಿಟನ್ನಿನ ಸಂಸತ್ತು 1831ರ ಕಾನೂನಿನಲ್ಲಿ ತನ್ನ ಮನೆಯೊಳಗಿನ ಅನೇಕ ಕಸುಬುಗಳಿಗೆ ನಿಷೇಧಿಸಿತು. ಗ್ಯಾಸ್ಪೆಯ ಮೀನುಗಾರನಿಗೆ ಆ ಕಾನೂನು ಹಡಗು ಹತ್ತಿ ಬರಲಿಲ್ಲ. ಕಾನೂನು ಯಾವಾಗಲೂ ತಡವಾಗಿ ಬರುತ್ತೆ, ನಮ್ಮ ಓಣಿಗೆ ಕೊನೆಗೆ ಬರುತ್ತೆ. ನಮ್ಮ ದೇಶದಲ್ಲಿ ಜೀತ ರದ್ದಾದ ಕಾಯ್ದೆ 1976ರದು. ಅಲ್ಲೀತನಕ ಜೀತದ ಲೆಕ್ಕ ಬರೆದಿದ್ದು ಯಾರು, ಹೆಬ್ಬೆಟ್ಟು ಒತ್ತಿದ್ದು ಯಾರು ಅಂತ ನಿಮ್ಮ ಅಜ್ಜಂದಿರನ್ನು ಕೇಳಿ.

ಮೇಷ್ಟರುಗಳೇ, ಈಗ ಹೇಳೋದನ್ನು ನೀವು ವಿಶೇಷವಾಗಿ ಗಮನಿಸಬೇಕು. 1836ರಲ್ಲಿ ಆ ಕರಾವಳಿಯಲ್ಲಿ ಸುತ್ತಾಡಿದ ಫರ್ಲಾಂ ಎಂಬ ಪಾದ್ರಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಲ್ಲಿ ಶಾಲೆ ತೆರೆಯುವ ಪ್ರಯತ್ನ ನಡೆದಾಗ ರಾಬಿನ್ ಮನೆತನದ ಧಣಿ ತನ್ನ ಗುಮಾಸ್ತರಿಗೆ ಪತ್ರ ಬರೆದು ಅದನ್ನು ತಡೆದನಂತೆ. ಈ ಜನಕ್ಕೆ ವಿದ್ಯೆ ಯಾಕೆ, ಓದಿದರೆ ಇವರು ಮೀನನ್ನೇನು ಇನ್ನೂ ಚೆನ್ನಾಗಿ ಹಿಡಿಯುತ್ತಾರೆಯೇ ಅನ್ನುವುದು ಅವನ ಮಾತಿನ ತಾತ್ಪರ್ಯ. ಗೆಳೆಯರೇ, ಈ ಮಾತನ್ನು ನಾವು ಕನ್ನಡದಲ್ಲೂ ಕೇಳಿದ್ದೇವೆ. ದನ ಕಾಯೋನಿಗೆ ಅಕ್ಷರ ಯಾಕೆ ಅಂತ. ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡ ನಾವೆಲ್ಲ ಈ ಮಾತನ್ನು ದಾಟಿಕೊಂಡೇ ಬಂದವರು. ಧಣಿಗೆ ಚೆನ್ನಾಗಿ ಗೊತ್ತಿತ್ತು: ಓದಿದ ಮೀನುಗಾರ ಹೆಚ್ಚು ಮೀನು ಹಿಡಿಯದೇ ಇರಬಹುದು, ಆದರೆ ಅಂಗಡಿಯ ಪುಸ್ತಕ ಹಿಡಿಯುತ್ತಾನೆ. ಕೂಡಿಸಿ ಕಳೆದು ನೋಡುತ್ತಾನೆ. ಅಂದು ಬೆಳಗ್ಗೆಯಿಂದಲೇ ಕಂಪನಿಯ ಲೆಕ್ಕ ತಪ್ಪೋದಕ್ಕೆ ಶುರುವಾಗುತ್ತೆ.

ಹೆಂಗಸರ ದುಡಿಮೆ ಇಲ್ಲದೆ ಈ ವ್ಯಾಪಾರ ಒಂದು ದಿನ ನಡೆಯುತ್ತಿರಲಿಲ್ಲ. ಸೀಳಿದ ಮೀನನ್ನು ಕಡಲತೀರದ ಅಟ್ಟಣೆಗಳ ಮೇಲೆ ಹರವಬೇಕು. ಬಿಸಿಲು ಜಾಸ್ತಿಯಾದರೆ ಮಗುಚಬೇಕು, ಮೋಡ ಬಂದರೆ ಓಡಿಬಂದು ಒಟ್ಟಬೇಕು, ಸಂಜೆ ರಾಶಿ ಮಾಡಬೇಕು, ಬೆಳಗ್ಗೆ ಮತ್ತೆ ಹರವಬೇಕು. ಉಪ್ಪಿಗೆ ಅಂಗೈ ಬಿರಿಯುತ್ತೆ. ಅಮ್ಮಂದಿರು, ಮಕ್ಕಳು ಮಾಡಿದ ಈ ಕೆಲಸಕ್ಕೆ ಪುಸ್ತಕದಲ್ಲಿ ಬೇರೆ ಸಾಲೇ ಇಲ್ಲ, ಗಂಡಸಿನ ಲೆಕ್ಕದೊಳಗೇ ಕರಗಿಹೋಯಿತು.

1886ರಲ್ಲಿ ಜರ್ಸಿಯಲ್ಲಿ ಒಂದು ಬ್ಯಾಂಕು ಮುಳುಗಿತು, ಅದರ ಜೊತೆಗೆ ರಾಬಿನ್ ಕಂಪನಿಯೂ ಕುಸಿಯಿತು. ಕಡಲಾಚೆ ಪಾಸ್ಪೆಬಿಯಾಕಿನಲ್ಲಿ ನಡುಚಳಿಗಾಲ. ಅಂಗಡಿಗೆ ಬೀಗ ಬಿತ್ತು. ಒಳಗೆ ಹಿಟ್ಟಿದೆ, ಹೊರಗೆ ಹಸಿದ ಮಕ್ಕಳಿದ್ದಾರೆ. ಜನ ನುಗ್ಗಿ ಹಿಟ್ಟು ತೆಗೆದುಕೊಂಡರು. ಅದನ್ನು ಲೂಟಿ ಅಂತ ಬರೆದರು. 120 ವರ್ಷ ಲೆಕ್ಕದ ಪುಸ್ತಕದಲ್ಲಿ ನಡೆದದ್ದಕ್ಕೆ ವ್ಯಾಪಾರ ಅಂತ ಹೆಸರು, ಒಂದು ದಿನ ಹಸಿವು ಮಾಡಿದ್ದಕ್ಕೆ ಲೂಟಿ ಅಂತ ಹೆಸರು! 1909ರಲ್ಲಿ ಅದೇ ಗ್ಯಾಸ್ಪೆಯ ರಿವಿಯೇರ್-ಓ-ರೆನಾರ್ ಎಂಬ ಊರಿನ ಮೀನುಗಾರರು ಮೀನಿಗೆ ಸರಿಯಾದ ಬೆಲೆ ಕೊಡಿ ಅಂತ ವ್ಯಾಪಾರಿಗಳ ಎದುರು ಎದ್ದು ನಿಂತರು. ಸರ್ಕಾರ ಹಡಗು ಕಳಿಸಿತು. ಮೀನುಗಾರರನ್ನು ಹಿಡಿದು ಜೈಲಿಗೆ ಹಾಕಿದರು. ಹಡಗುಗಳ ಚರಿತ್ರೆ ಅಂದರೆ ಇದೂ ಸೇರಿ ಅಲ್ಲವೇ?

ಇನ್ನೊಂದು ಪುಟ ಇದೆ. ಒಣಮೀನಿನಲ್ಲೂ ಜಾತಿ ಇತ್ತು. ಬಿಳಿಯಾಗಿ ಗಟ್ಟಿಯಾಗಿ ಬಂದದ್ದು ಯುರೋಪಿನ ಮೇಜಿಗೆ. ಮುರಿದದ್ದು, ಕಪ್ಪಾದದ್ದು, ಉಪ್ಪು ಹೆಚ್ಚಾದದ್ದು ಕೆರಿಬಿಯನ್ ಕಬ್ಬಿನ ತೋಟಗಳಿಗೆ. ಅಲ್ಲಿ ಆಫ್ರಿಕಾದಿಂದ ಕಟ್ಟಿ ತಂದ ಗುಲಾಮರ ಹೊಟ್ಟೆಗೆ. ಕಳಪೆ ಮಾಲಿಗೂ ಒಂದು ಪೇಟೆ ಸಿಕ್ಕಿತು, ಯಾಕಂದರೆ ಬೇಡ ಅನ್ನುವ ಹಕ್ಕು ತಿನ್ನುವವರಿಗೆ ಇರಲಿಲ್ಲ. ಎಂಜಲು, ತಂಗಳು, ಸತ್ತ ದನದ ಮಾಂಸ ನಮ್ಮ ಪಾಲಿಗೆ ಬಂದದ್ದು ಹೇಗೋ ಹಾಗೇ. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದದ್ದು 1833ರಲ್ಲಿ. ಬ್ರೆಜಿಲ್ ರದ್ದು ಮಾಡಿದ್ದು 1888ರಲ್ಲಿ. ಅಲ್ಲೀತನಕ ಬ್ರೆಜಿಲ್ಲಿನ ಬಂದರುಗಳಿಗೆ ಜರ್ಸಿಯ ಮೀನು ಹೋಗುತ್ತಲೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಜರ್ಸಿಯವನೇ ಆದ ಸರ್ ಜಾರ್ಜ್ ಕಾರ್ಟರೆಟ್. 1660ರ ದಶಕದಲ್ಲಿ ಆಫ್ರಿಕಾದ ಗುಲಾಮರ ವ್ಯಾಪಾರಕ್ಕೆ ಇಳಿದ ರಾಜಾಶ್ರಯದ ಕಂಪನಿಯಲ್ಲಿ ಪಾಲುದಾರ. ಅಮೆರಿಕದ ನ್ಯೂಜರ್ಸಿಗೆ ಆ ಹೆಸರು ಬಂದದ್ದು ಅವನ ಹುಟ್ಟೂರಿನಿಂದ. 2014ರಲ್ಲಿ ಜರ್ಸಿಯಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. 2020ರಲ್ಲಿ ಕರಿಯರ ಜೀವದ ಬೆಲೆ ಕೇಳಿ ಲೋಕವೆಲ್ಲ ಬೀದಿಗಿಳಿದಾಗ ಅದನ್ನು ತೆಗೆಯಿರಿ ಎಂಬ ಕೂಗು ಅಲ್ಲೂ ಎದ್ದಿತು. ಅಂದರೆ ಪ್ರಶ್ನೆ ಕೇಳುವವರು ಆ ದ್ವೀಪದೊಳಗೂ ಇದ್ದಾರೆ. ನಮ್ಮ ಮಾತು ಅವರ ಮಾತಿಗೆ ಸೇರಲಿ.

ಕೆಲವರು ಕೇಳಬಹುದು: ಪುಟ್ಟ ನಾಣ್ಯದಲ್ಲಿ ಇಷ್ಟೆಲ್ಲ ಹೇಗಪ್ಪಾ ತುರುಕೋದು? ಹಡಗು ಚಂದ, ಹಡಗು ಹಾಕಿದರು, ಅಷ್ಟೇ ತಾನೇ? ಸ್ವಾಮಿ, ಜಾಗ ಕಮ್ಮಿ ಇದ್ದಾಗಲೇ ಗೊತ್ತಾಗೋದು ಯಾರನ್ನು ಮೊದಲು ಹೊರಗೆ ನಿಲ್ಲಿಸುತ್ತಾರೆ ಅಂತ. ಪಂಕ್ತಿಯಲ್ಲಿ ಎಲೆ ಕಮ್ಮಿ ಬಿದ್ದಾಗ ಎದ್ದು ಹೋಗಬೇಕಾದವರು ಯಾರು ಅನ್ನೋದು ನಮಗೆ ತಿಳಿಯದ್ದಲ್ಲ.

ಇನ್ನು ಕೆಲವರದು ಬೇರೆ ರಾಗ: ಆ ಹಡಗುಗಳು ಬಡಗಿಗಳ ಹೆಮ್ಮೆಯೂ ಹೌದಲ್ಲ, ಅದನ್ನೂ ಕಿತ್ತುಕೊಳ್ಳುತ್ತೀರಾ? ಕಿತ್ತುಕೊಳ್ಳೋದಿಲ್ಲ. ಆ ಹೆಮ್ಮೆಯನ್ನು ವಾರಸುದಾರರಿಗೆ ಕೊಡಿ ಅಂತಿದ್ದೇವೆ. ಹಾಯಿಹಡಗಿನ ಚಿತ್ರ ಬರೆಸಿಡುತ್ತಿದ್ದವರು ಯಾರು? ಮಾಲೀಕರು, ಕಪ್ತಾನರು. ಫಿಲಿಪ್ ಜಾನ್ ಊಲೆಸ್‌ನಂಥ ಜರ್ಸಿಯ ಚಿತ್ರಕಾರರು 19ನೇ ಶತಮಾನದಲ್ಲಿ ಅಂಥ ಹಡಗುಚಿತ್ರಗಳನ್ನು ಬರೆದು ಹೆಸರಾದರು. ಬಡಗಿಯ ಚಿತ್ರ ಬರೆಸಲು ಯಾರು ದುಡ್ಡು ಕೊಡುತ್ತಿದ್ದರು? ನೂರು ವರ್ಷ ಬಿಟ್ಟು ಪರಂಪರೆ ಹುಡುಕಿ ಹೊರಟವನ ಕೈಗೆ ಮಾಲೀಕನ ಗೋಡೆಯ ಮೇಲಿದ್ದದ್ದೇ ಸಿಗುತ್ತೆ. ಅದನ್ನೇ ನಾಣ್ಯಕ್ಕಿಳಿಸಿ ಇದು ಎಲ್ಲರದ್ದು ಅನ್ನುತ್ತಾನೆ.

ಮೂರನೇ ಪ್ರಶ್ನೆ ನಮ್ಮವರದ್ದೇ. ಎಲ್ಲಿಯ ಜರ್ಸಿ, ಎಲ್ಲಿಯ ನಾವು? ನಾಣ್ಯದ ವಿಷಯದಲ್ಲಿ ಮಾತಾಡುವ ಹಕ್ಕು ನಮಗಿಂತ ಯಾರಿಗಿದೆ? ನಮ್ಮ ಕೈಯಿಂದ ಬಂದ ಕಾಸನ್ನು ನೆಲದ ಮೇಲೆ ಇಡಿಸಿ, ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡ ಅಂಗಡಿಗಳು ಈ ನಾಡಿನಲ್ಲಿದ್ದವು. ಕಾಸಿನ ಮೇಲಿನ ರಾಜನ ತಲೆಗೆ ಮೈಲಿಗೆ ಇಲ್ಲ, ಹಿಡಿದ ಕೈಗೆ ಮೈಲಿಗೆ. ಆ ಕೈಗಳ ಮಗ ಅಂಬೇಡ್ಕರ್ ಲಂಡನ್ನಿಗೆ ಹೋಗಿ ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದರು. 1923ರಲ್ಲಿ ಅದು ಪುಸ್ತಕವಾಯಿತು. ನಾಣ್ಯದ ಮೇಲೆ ಏನು ಬರೆದಿದೆ ಅನ್ನೋದಕ್ಕಿಂತ ಅದು ಎಷ್ಟು ಕೊಳ್ಳುತ್ತೆ ಅನ್ನೋದು ದೊಡ್ಡದು ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು. 1990ರಲ್ಲಿ ಅವರ ಚಿತ್ರವೇ ಒಂದು ರೂಪಾಯಿ ನಾಣ್ಯದ ಮೇಲೆ ಬಂತು. ನಮ್ಮ ಹಟ್ಟಿಗಳಲ್ಲಿ ಅದನ್ನು ಖರ್ಚು ಮಾಡದೆ ಎತ್ತಿಟ್ಟುಕೊಂಡವರಿದ್ದಾರೆ. 2015ರ ಡಿಸೆಂಬರ್ 6ರಂದು 125 ರೂಪಾಯಿಯ ಇನ್ನೊಂದು ನಾಣ್ಯ ಬಿಡುಗಡೆಯಾಯಿತು. ಅದು ಚಲಾವಣೆಯದಲ್ಲ, ಸಂಗ್ರಹಕಾರರ ಪೆಟ್ಟಿಗೆಯದು. ದುಡಿಯುವವರ ನಾಯಕನನ್ನು ದುಡಿಯುವವರ ಜೇಬಿಗೆ ಬಾರದ ನಾಣ್ಯದಲ್ಲಿ ಕೂರಿಸುವುದೂ ಒಂದು ಜಾಣತನವೇ. ಹಾಗಾಗಿ ಜರ್ಸಿಗೆ ಹೇಳುವ ಮಾತು ದಿಲ್ಲಿಗೂ ಸೇರುತ್ತೆ.

ನಂಟು ಇಷ್ಟಕ್ಕೇ ನಿಲ್ಲೋದಿಲ್ಲ. ಮುಂಬಯಿಯೂ ಒಂದು ಕಾಲಕ್ಕೆ ದ್ವೀಪವೇ. ಅಲ್ಲಿಯ ಹಡಗುಕಟ್ಟೆಯಲ್ಲಿ ಬ್ರಿಟಿಷರಿಗಾಗಿ ಕಟ್ಟಿದ ಟ್ರಿಂಕೋಮಲಿ ಎಂಬ ತೇಗದ ಯುದ್ಧನೌಕೆ 1817ರಲ್ಲಿ ನೀರಿಗಿಳಿಯಿತು. ಇವತ್ತಿಗೂ ಇಂಗ್ಲೆಂಡಿನಲ್ಲಿ ಅದನ್ನು ಕಾಪಾಡಿಟ್ಟಿದ್ದಾರೆ. ಹಡಗು ಕಟ್ಟಿಸಿದ ವಾಡಿಯಾ ಮನೆತನದ ಹೆಸರು ಉಳಿದಿದೆ. ಆ ಹಡಗುಕಟ್ಟೆಗೆ ಮಲಬಾರಿನಿಂದ, ನಮ್ಮ ಕನ್ನಡ ಜಿಲ್ಲೆಗಳ ಕಾಡಿನಿಂದ ತೇಗ ಹೋಗುತ್ತಿತ್ತು. ತೇಗ ಸರ್ಕಾರದ್ದಾದ ಮೇಲೆ ಕಾಡು ಸರ್ಕಾರದ್ದಾಯಿತು, ಕುಮರಿ ಬೇಸಾಯ ಮಾಡಿಕೊಂಡಿದ್ದ ಕಾಡಿನ ಜನ ಕಳ್ಳರಾದರು. ಮರ ಕಡಿದು ದಿಮ್ಮಿ ಎಳೆದವರ ಹೆಸರು ಯಾವ ಹಲಗೆಯ ಮೇಲಿದೆ?

ಜರ್ಸಿ ಈಗ ಹಾಯಿಹಡಗು ಕಟ್ಟೋದಿಲ್ಲ. ಕಬ್ಬಿಣ, ಉಗಿಯಂತ್ರ ಬಂದ ಮೇಲೆ ಆ ಅಂಗಳಗಳು ಒಂದೊಂದಾಗಿ ಮುಚ್ಚಿದವು. ಈಗ ಅದು ಹೊರದೇಶಗಳ ಹಣಕ್ಕೆ ಆಸರೆ ಕೊಡುವ ದ್ವೀಪ. ದೊಡ್ಡ ಕಂಪನಿಗಳ ತೆರಿಗೆ ತಪ್ಪಿಸುವ ದಾರಿಗಳನ್ನು ಬಯಲಿಗೆಳೆದ 2017ರ ಪ್ಯಾರಡೈಸ್ ಕಾಗದಪತ್ರಗಳಲ್ಲಿ ಜರ್ಸಿಯ ಹೆಸರೂ ಇತ್ತು. ದುಡಿಮೆ ಒಂದು ಕಡೆ, ಹಣ ಇನ್ನೊಂದು ಕಡೆ. ಆಗ ನಡುವೆ ಹಡಗಿತ್ತು, ಈಗ ಕಾಗದ ಇದೆ. ಹಳೇ ಹಡಗಿನ ಚಿತ್ರ ಹೊಸ ವ್ಯಾಪಾರದ ಮುಖಕ್ಕೆ ಒಳ್ಳೇ ಪೌಡರು.

ಹಾಗಾದರೆ ಏನು ಮಾಡಬೇಕು ಅಂತೀರಿ? ಅವರು 6 ಹಡಗು ಹಾಕಿದರು. ನಾವೂ 6 ಅಚ್ಚು ಹೇಳುತ್ತೇವೆ, ಬರೆದುಕೊಳ್ಳಲಿ. ಮೊದಲನೆಯದು ಬಾಚಿ ಹಿಡಿದ ಬಡಗಿಯ ಕೈ. ಎರಡನೆಯದು ಹಳೇ ಹಗ್ಗ ಬಿಚ್ಚುವ ಸೀಳಿದ ಬೆರಳು. ಮೂರನೆಯದು ಅಟ್ಟಣೆಯ ಮೇಲೆ ಮೀನು ಮಗುಚುತ್ತಿರುವ ತಾಯಿ. ನಾಲ್ಕನೆಯದು ಅಂಗಡಿಯ ಲೆಕ್ಕದ ಪುಸ್ತಕದ ಒಂದು ಪುಟ, ಕೆಳಗೆ ಬಾಕಿ. ಐದನೆಯದು ತೆರೆಯಗೊಡದ ಶಾಲೆಯ ಬಾಗಿಲು. ಆರನೆಯದು ಕಬ್ಬಿನ ತೋಟದ ಗುಲಾಮನ ತಟ್ಟೆಯಲ್ಲಿ ಒಂದು ಚೂರು ಒಣಮೀನು. ಇವೆಲ್ಲ 22.5 ಮಿಲಿಮೀಟರಿನಲ್ಲಿ ಕೂರುತ್ತವೆ. ಇನ್ನೊಂದು ಮಗ್ಗುಲಲ್ಲಿ ರಾಜ ಇರಬೇಕು ಅಂದರೆ ಇರಲಿ. ಲೆಕ್ಕದ ಪುಸ್ತಕಕ್ಕೆ ಬೆನ್ನು ಕೊಟ್ಟು ಕೂತುಕೊಳ್ಳಲಿ.

ಮೇಷ್ಟರುಗಳೇ, ಹಳ್ಳಿ ಶಾಲೆಯಲ್ಲಿ ಚರಿತ್ರೆ ಪಾಠಕ್ಕೆ ನಕ್ಷೆ ಇಲ್ಲ, ಚಾರ್ಟು ಇಲ್ಲ ಅಂತ ನಿಲ್ಲಬೇಡಿ. ಮಕ್ಕಳ ಜೇಬಿನಲ್ಲಿ ಒಂದು ರೂಪಾಯಿ ಇದ್ದೇ ಇರುತ್ತೆ. ಅದನ್ನು ಅಂಗೈ ಮೇಲೆ ಇಡಿಸಿ ಮೂರು ಪ್ರಶ್ನೆ ಕೇಳಿ. ಇದರ ಮೇಲೆ ಯಾರಿದ್ದಾರೆ? ಯಾರಿಲ್ಲ? ಇದನ್ನು ದುಡಿಯಲು ನಿಮ್ಮ ಅವ್ವ ಎಷ್ಟು ಹೊತ್ತು ಬಗ್ಗಿದಳು? ಮೂರನೇ ಪ್ರಶ್ನೆಗೆ ಮಕ್ಕಳು ಉತ್ತರ ಹುಡುಕಿಕೊಂಡು ಮನೆಗೆ ಹೋಗಲಿ. ಅವ್ವನ ಹತ್ತಿರ ಕೂತು ಲೆಕ್ಕ ಹಾಕಲಿ. ಲೆಕ್ಕ ಕಲಿತ ಮಕ್ಕಳು ಯಾವ ಧಣಿಯ ಪುಸ್ತಕವನ್ನೂ ಸುಮ್ಮನೆ ನಂಬೋದಿಲ್ಲ.